ಹತ್ತು ಮಿಲಿಮೀಟರಿನ ತಪ್ಪು: ಹುಬ್ಬಳ್ಳಿಯಲ್ಲಿ ಒಂದು ಸ್ವಿಫ್ಟ್‌ನ ಇಸಿಯು ಟ್ಯೂನಿಂಗ್

"ಗಾಡಿ ಓಡ್ತೈತ್ರಿ ಅಣ್ಣಾರ. ಆದ್ರ ಘಾಟಿ ಹತ್ತೋವಾಗ ಯಾರೋ ಡಬ್ಬ್ಯಾಗ ಗೋಲಿ ಹಾಕಿ ಅಲುಗಾಡ್ಸಿದಂಗ ಸಪ್ಪಳ ಬರ್ತೈತಿ."

ಡಿಸೆಂಬರ್ ಕೊನೆಯ ವಾರ ಗೋಕುಲ ರಸ್ತೆಯ ನಮ್ಮ ಶೆಡ್ಡಿಗೆ ಬಂದ ಧಾರವಾಡದ ಹುಡುಗ ಹೇಳಿದ ಮೊದಲ ಮಾತು ಇದು. ಗಾಡಿ 2008ರ ಮಾರುತಿ ಸ್ವಿಫ್ಟ್, ಪೆಟ್ರೋಲ್. ಅವರಪ್ಪ ಹೊಸದಾಗಿ ಕೊಂಡಿದ್ದು. ಅಪ್ಪ ಈಗ ಗಾಡಿ ಓಡಿಸುವುದಿಲ್ಲ. ಮಾರುವ ಬದಲು ಹುಡುಗ ಇಂಜಿನ್ ಬಿಚ್ಚಿಸಿ ಮನಸ್ಸಿಗೆ ಬಂದ ಹಾಗೆ ಕಟ್ಟಿಸಿಕೊಂಡಿದ್ದ. ಹಣ ಮೂರು ವರ್ಷ ಕೂಡಿಟ್ಟಿದ್ದು. ಹಾಗಾಗಿ ಇದನ್ನು ಸುಮ್ನೆ ಕೈಯಾಡಿಸಿ ಕಳಿಸುವ ಹಾಗಿರಲಿಲ್ಲ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇಂಜಿನ್ ಮಾಡಿಫೈ ಮಾಡಿಸಿದ ಮೇಲೆ "ಮ್ಯಾಪ್ ಹಾಕಿಸಿಕೊಂಡರೆ ಆಯ್ತು" ಎಂದುಕೊಂಡವರು ನಮ್ಮ ಕಡೆ ಬಹಳ ಜನ ಇದ್ದಾರೆ. ಮ್ಯಾಪ್ ಅಂದರೆ ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹಾರಿಸಬೇಕು ಎಂದು ಇಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಹೇಳುವ ಅಂಕಿಗಳ ಪಟ್ಟಿ. ಈ ಗಾಡಿಯಲ್ಲೂ ಮ್ಯಾಪ್ ಇತ್ತು. ಅದು ಬೇರೆ ಇಂಜಿನ್ನಿನದು.

ಏನೇನು ಬದಲಾಗಿತ್ತು

ಇಂಜಿನ್ ಜಿ13ಬಿಬಿ, 1298 ಸಿಸಿ. ಬೋರ್ (ಸಿಲಿಂಡರಿನ ಅಗಲ) 74 ಮಿಮೀ, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 75.5 ಮಿಮೀ. ಬೋರಿಂಗ್ ಮಾಡಿಸಿ ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿದ್ದರು. ಬೋರ್ 74.5 ಆಯಿತು, ಸಿಸಿ 1316ಕ್ಕೆ ಬಂತು. ಹೆಡ್ ಫೇಸಿಂಗ್‌ನಲ್ಲಿ ಮತ್ತೆ ಅರ್ಧ ಮಿಲಿಮೀಟರ್ ತೆಗೆದಿದ್ದರು, ಹಾಗಾಗಿ ಕಂಪ್ರೆಷನ್ ರೇಷಿಯೊ, ಅಂದರೆ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದು, 10ರ ಆಸುಪಾಸು. ವಾಲ್ವುಗಳನ್ನು ಜಾಸ್ತಿ ಹೊತ್ತು ತೆರೆದಿಡುವ ಕ್ಯಾಮ್, ನಾಲ್ಕು ಸಿಲಿಂಡರಿನ ಹೊಗೆಯನ್ನು ಎರಡು ಪೈಪಿಗೆ, ಆಮೇಲೆ ಒಂದಕ್ಕೆ ಸೇರಿಸುವ 4-2-1 ಹೆಡರ್, ನಿಮಿಷಕ್ಕೆ 240 ಸಿಸಿ ಪೆಟ್ರೋಲ್ ಬಿಡುವ ಇಂಜೆಕ್ಟರ್. ಕಬ್ಬಿಣದ ಕೆಲಸ ಮಾಡಿದ್ದು ಹುಬ್ಬಳ್ಳಿಯ ಹಳೆ ಮಿಸ್ತ್ರಿಯೊಬ್ಬರು. ಅವರ ಕೈಕೆಲಸದ ಬಗ್ಗೆ ನನಗೆ ಎರಡು ಮಾತಿಲ್ಲ. ಹೆಡ್ಡಿನಲ್ಲಿ ಗಾಳಿ, ಹೊಗೆ ಹಾಯುವ ದಾರಿಯ, ಅಂದರೆ ಪೋರ್ಟಿನ, ಒಳಗೆ ಬೆರಳಾಡಿಸಿದರೆ ಗೊತ್ತಾಗುತ್ತಿತ್ತು.

ಕಂಪ್ಯೂಟರ್ ಕೆಲಸ ಮಾತ್ರ ಬೇರೆ ಊರಿನಲ್ಲಿ ಆಗಿತ್ತು. ಕಂಪನಿ ಇಸಿಯು ತೆಗೆದು ಸ್ಪೀಡುಯಿನೊ ಹಾಕಿದ್ದರು. ಇದು ಆರ್ಡುಯಿನೊ ಮೆಗಾ 2560 ಬೋರ್ಡಿನ ಮೇಲೆ ಓಡುವ ಓಪನ್ ಸೋರ್ಸ್ ಇಸಿಯು. ಒಳ್ಳೆಯ ಸಾಧನ, ಕಡಿಮೆ ಖರ್ಚು, ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ತೆರೆದು ನೋಡಬಹುದು. ಅದರ ಮೇಲೆ ನನ್ನ ದೂರು ಏನೂ ಇಲ್ಲ. ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ ಚಕ್ರ ಕೂರಿಸಿದ್ದರು. ಅಂದರೆ 36 ಹಲ್ಲಿನ ಜಾಗ, ಅದರಲ್ಲಿ ಒಂದು ಖಾಲಿ. ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ. ಕ್ರ್ಯಾಂಕ್ ಎಲ್ಲಿಗೆ ತಿರುಗಿದೆ ಎಂದು ಇಸಿಯು ತಿಳಿಯುವುದು ಇದರಿಂದಲೇ.

ಕಂಪನಿ ಇಸಿಯು ಯಾಕೆ ಸಾಲದು ಎಂದು ಬಹಳ ಜನ ಕೇಳುತ್ತಾರೆ. ಈ ಇಂಜಿನ್ನಿನಲ್ಲಿ ಒಳಗೆ ಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಮೀಟರ್ ಇಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರಿಗೆ ಗಾಳಿ ಒಯ್ಯುವ ಪೈಪಿನ) ಒತ್ತಡ, ಆರ್‌ಪಿಎಂ, ಗಾಳಿಯ ಬಿಸಿ, ಈ ಮೂರರಿಂದ ಇಸಿಯು ಗಾಳಿಯನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕ ಕಂಪನಿ ಕ್ಯಾಮ್‌ಗೆ ಮಾಡಿಟ್ಟದ್ದು. ಹೊಸ ಕ್ಯಾಮ್ ಹಾಕಿದರೆ ಐಡ್ಲಿಂಗಿನಲ್ಲಿ ವ್ಯಾಕ್ಯೂಮ್ ಕಡಿಮೆಯಾಗುತ್ತದೆ. ಅಂದರೆ ಒತ್ತಡ ಏರುತ್ತದೆ. ಮೊದಲು 35 ಕಿಲೋಪಾಸ್ಕಲ್ ಇದ್ದ ಒತ್ತಡ ಈ ಗಾಡಿಯಲ್ಲಿ 48ಕ್ಕೆ ಏರಿತ್ತು. ಗಾಡಿ ನಿಂತಲ್ಲೇ ನಿಂತಿದ್ದರೂ ಇಸಿಯು "ಇವರು ಎಕ್ಸಲರೇಟರ್ ಒತ್ತಿದ್ದಾರೆ" ಎಂದು ತಿಳಿದು ಪೆಟ್ರೋಲ್ ಸುರಿಯುತ್ತದೆ. ಮೇಲಿಂದ ಇಂಜೆಕ್ಟರ್ ದೊಡ್ಡದು. ಹೇಳಿಕೊಡದೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಹುಡುಗನ ದೂರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆಯಬೇಕು. ಐಡ್ಲಿಂಗ್ 700ರಿಂದ 1300ರ ತನಕ ಮೇಲೆ ಕೆಳಗೆ ಓಡಾಡುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿದರೆ ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ಮೈಲೇಜ್ ಲೀಟರಿಗೆ 8. ಅಂಕೋಲಾಕ್ಕೆ ಹೋಗಿ ಬರುವಾಗ ಅರಬೈಲ್ ಘಾಟಿಯಲ್ಲಿ ಗೋಲಿ ಸಪ್ಪಳ. ಆ ಕೊನೆಯದೊಂದೇ ನನ್ನ ನಿದ್ದೆ ಕೆಡಿಸಿತು. ಉಳಿದವು ಕಿರಿಕಿರಿ. ಗೋಲಿ ಸಪ್ಪಳ ಅಂದರೆ ನಾಕಿಂಗ್, ಅದು ಪಿಸ್ಟನ್ ಒಡೆಯುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಿಸಿ ಬದಲಾದರೆ ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ತಾಳೆಯಾಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದರ ಬಗ್ಗೆಯೇ ಇದೆ. ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ ಎಂದು ಹುಡುಗನಿಗೂ ಹೇಳಿದೆ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಯದೆ ಇಟ್ಟುಕೊಂಡಿದ್ದು ಅವರು ಮಾಡಿದ್ದ ಒಳ್ಳೆಯ ಕೆಲಸ.

ಮೂರನೇ ಪ್ಲಗ್

ಲ್ಯಾಪ್‌ಟಾಪ್ ತೆಗೆಯುವ ಮೊದಲು ಪ್ಲಗ್ ಬಿಚ್ಚಿದೆ. ನಾಲ್ಕೂ ಕಪ್ಪು, ಮಸಿ ಹಿಡಿದ ಲಾಟೀನು ಗಾಜಿನ ಹಾಗೆ. ಇಷ್ಟು ಪೆಟ್ರೋಲ್ ಕುಡಿಯುವ ಇಂಜಿನ್ನಿನಲ್ಲಿ ನಾಕಿಂಗ್ ಹೇಗೆ ಸಾಧ್ಯ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಮೂರನೇ ಪ್ಲಗ್ಗನ್ನು ಬಿಸಿಲಿಗೆ ಹಿಡಿದು, ವಾಚ್ ರಿಪೇರಿಯವರ ಭೂತಗನ್ನಡಿಯಲ್ಲಿ ಇಬ್ಬರೂ ನೋಡಿದೆವು. ಬಿಳಿ ಪಿಂಗಾಣಿಯ ತುದಿಯಲ್ಲಿ ಮಸಿಯ ನಡುವೆ ಸಣ್ಣ ಸಣ್ಣ ಬೆಳ್ಳಿ ಚುಕ್ಕೆಗಳು. ರಾಗಿ ಹಿಟ್ಟಿನ ಕಣಕ್ಕಿಂತ ಚಿಕ್ಕವು. ಉಗುರಿನಿಂದ ಕೆರೆದರೆ ಹೋಗಲಿಲ್ಲ, ಅಂಟಿಕೊಂಡಿದ್ದವು.

ಅದು ಅಲ್ಯೂಮಿನಿಯಂ. ಪಿಸ್ಟನ್ನಿನ ತಲೆಯಿಂದ ಹಾರಿ ಬಂದದ್ದು.

ಹುಡುಗನ ಮುಖ ಸಪ್ಪಗಾಯಿತು. ಕಂಪ್ರೆಷನ್ ಗೇಜ್ ಹಾಕಿದೆ. ಮೂರು ಸಿಲಿಂಡರಿನಲ್ಲಿ 185 ಪಿಎಸ್ಐ ಅತ್ತಿತ್ತ, ಮೂರನೆಯದರಲ್ಲಿ 160. ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ ಅದೂ 180ರ ಹತ್ತಿರ ಬಂತು. ಎಣ್ಣೆ ಹಾಕಿದಾಗ ಏರಿತು ಅಂದರೆ ವಾಲ್ವಿನಲ್ಲಿ ದೋಷ ಇಲ್ಲ, ರಿಂಗಿನ ಕಡೆ ಇದೆ.

ಇಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ಜಗ್ಗಾಟ ಆಯಿತು. "ಮೊದ್ಲ ಟ್ಯೂನ್ ಮಾಡ್ರಿ, ಆಮ್ಯಾಲ ನೋಡೋಣು" ಎಂದ ಹುಡುಗ. ನಾನು ಒಪ್ಪಲಿಲ್ಲ. ಮೂರನೇ ಸಿಲಿಂಡರ್ ಸೋರುತ್ತಿದ್ದರೆ ಸೈಲೆನ್ಸರಿನಲ್ಲಿ ಕೂತು ಹೊಗೆ ನೋಡುವ ಸೆನ್ಸರ್ ನಾಲ್ಕರ ಸರಾಸರಿಯನ್ನಷ್ಟೇ ತೋರಿಸುತ್ತದೆ. ಕುಂಟುವ ಒಂದು ಸಿಲಿಂಡರಿಗಾಗಿ ಆರೋಗ್ಯವಾಗಿರುವ ಮೂರಕ್ಕೆ ತಪ್ಪು ಪೆಟ್ರೋಲ್ ಹೋಗುತ್ತದೆ. ಮಿಸ್ತ್ರಿಯವರನ್ನೇ ಕರೆಸಿದೆವು. ಹೆಡ್ ಇಳಿಸಿ ಪಿಸ್ಟನ್ ತೆಗೆದಾಗ ಮೇಲಿನ ರಿಂಗ್ ಕೂರುವ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಮಿಸ್ತ್ರಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ನನ್ನ ಬೋರಿಂಗ್ ತಪ್ಪಿಲ್ಲರಿ ಇದು" ಎಂದಷ್ಟೇ ಹೇಳಿದರು. ಅವರ ಮಾತು ನಿಜ.

ಒಂದು ಪಿಸ್ಟನ್, ಒಂದು ಸೆಟ್ ರಿಂಗ್, ಹೊಸ ಹೆಡ್ ಗ್ಯಾಸ್ಕೆಟ್. ಜೊತೆಗೆ ಹಳೆಯ ಪೆಟ್ರೋಲ್ ರಬ್ಬರ್ ಪೈಪುಗಳನ್ನೂ ಬದಲಾಯಿಸಿದೆವು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20ರ ತನಕ ಎಥನಾಲ್ ಇರುತ್ತದೆ. 2008ರ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ.

ಕಂಪ್ಯೂಟರ್ ಹೇಳೋದು, ಕಬ್ಬಿಣ ಹೇಳೋದು

ಇಂಜಿನ್ ಮತ್ತೆ ಕೂತಿತು. ಈಗ ಲ್ಯಾಪ್‌ಟಾಪ್. ಆದರೆ ಮ್ಯಾಪಿನ ಒಂದು ಅಂಕಿಯನ್ನೂ ಮುಟ್ಟಲಿಲ್ಲ. ನನ್ನ ಕೆಲಸದ ಕ್ರಮ ಇದೇ. ಇಸಿಯು ಏನನ್ನು ನಂಬಿಕೊಂಡಿದೆಯೋ ಅದು ನಿಜವಾ ಎಂದು ಮೊದಲು ನೋಡಬೇಕು. ನಂಬಿಕೆ ತಪ್ಪಿದ್ದರೆ ಎಂಥ ಚಂದದ ಮ್ಯಾಪ್ ಹಾಕಿದರೂ ದಂಡ.

ಕೀ ಆನ್ ಮಾಡಿದೆ, ಇಂಜಿನ್ ಚಾಲು ಮಾಡಲಿಲ್ಲ. ಇಂಜಿನ್ ನಿಂತಿರುವಾಗ ಮ್ಯಾನಿಫೋಲ್ಡಿನಲ್ಲಿ ಹೊರಗಿನ ಗಾಳಿಯದೇ ಒತ್ತಡ ಇರಬೇಕು. ಪರದೆಯ ಮೇಲೆ 101 ಕಿಲೋಪಾಸ್ಕಲ್. ಕೇಳಲು ಸರಿಯಾಗಿಯೇ ಇದೆ, ಪುಸ್ತಕದಲ್ಲೂ ಅದೇ ಅಂಕಿ. ಆದರೆ ಅದು ಸಮುದ್ರ ದಂಡೆಯ ಅಂಕಿ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲೆ, ಧಾರವಾಡ 700 ಮೀಟರಿಗೂ ಮೇಲೆ. ಇಲ್ಲಿ 94 ಇರಬೇಕು, ಧಾರವಾಡದಲ್ಲಿ 93ರ ಹತ್ತಿರ. ನನ್ನ ಫೋನಿನಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ, ಅದು 94 ಎಂದಿತು. ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪ್ ಕಟ್ಟಿ ಇನ್ನೆರಡು ಒತ್ತಡದಲ್ಲೂ ನೋಡಿದೆ. ಅಲ್ಲೂ ತಪ್ಪು. ಯಾವುದೋ ಬೇರೆ ಸೆನ್ಸರಿನ ಅಂಕಿ ತುಂಬಿಟ್ಟಿದ್ದರು. ಸೆನ್ಸರ್ ಕೊಡುವ ವೋಲ್ಟೇಜನ್ನು ಪಂಪಿನ ಗೇಜ್ ಜೊತೆ ತಾಳೆ ಹಾಕಿ ಹೊಸದಾಗಿ ಬರೆದೆ.

ಇದು ಸಣ್ಣ ವಿಷಯ ಅಲ್ಲ. ಒಂದೇ ಊರಲ್ಲಿ ಓಡಿಸಿದರೆ ಒಂದು ತಪ್ಪಿಗೆ ಇನ್ನೊಂದು ತಪ್ಪು ಹೊಂದಿಕೊಂಡು ಗಾಡಿ ಹೇಗೋ ನಡೆಯುತ್ತದೆ. ಊರಿನ ಎತ್ತರ ಬದಲಾದ ಕೂಡಲೇ ಲೆಕ್ಕ ಕೆಡುತ್ತದೆ. ಮ್ಯಾಪ್ ಪಟ್ಟಿಯ ಒಂದೊಂದು ಸಾಲು ಒಂದೊಂದು ಒತ್ತಡಕ್ಕೆ. ಈ ಮ್ಯಾಪಿನ ಕೊನೆಯ ಸಾಲು 100ಕ್ಕೆ ನಿಂತಿತ್ತು. ಹುಬ್ಬಳ್ಳಿಯಲ್ಲೇ 101 ತೋರಿಸುವ ಗಾಡಿ ಅಂಕೋಲಾಕ್ಕೆ ಇಳಿದಾಗ ಪಟ್ಟಿಯ ಆಚೆಗೇ ಹೋಗಿರುತ್ತದೆ.

ಎರಡನೆಯದು ವೈಡ್‌ಬ್ಯಾಂಡ್ ಸೆನ್ಸರ್. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಮಿಶ್ರಣ ಹೇಳುವುದು ಇದೇ. ನಾನು ಲ್ಯಾಂಬ್ಡಾ ಲೆಕ್ಕದಲ್ಲೇ ಓದುತ್ತೇನೆ. 1 ಅಂದರೆ ಪೆಟ್ರೋಲಿಗೆ ತಕ್ಕಷ್ಟು ಗಾಳಿ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. ಒಂದು ಕಿಲೋ ಇಂಧನಕ್ಕೆ 14.7 ಕಿಲೋ ಗಾಳಿ ಎಂಬ ಅಂಕಿ ಬರೀ ಪೆಟ್ರೋಲಿನದು. ಎಥನಾಲ್‌ಗೆ 9 ಸಾಕು. ಎರಡೂ ಬೆರೆತ ಇಂಧನಕ್ಕೆ 14.7 ಹಿಡಿದು ಕೂತರೆ ಗೊಂದಲ. ಲ್ಯಾಂಬ್ಡಾದಲ್ಲಿ ಆ ಚಿಂತೆ ಇಲ್ಲ.

ಐಡ್ಲಿಂಗಿನಲ್ಲಿ ಅದು 1.08 ತೋರಿಸಿತು. ಪೆಟ್ರೋಲ್ ಕಡಿಮೆ ಎಂದು ಅರ್ಥ. ಆದರೆ ಪ್ಲಗ್ ಕಪ್ಪು, ಹೊಗೆ ಕಣ್ಣು ಉರಿಸುತ್ತಿದೆ. ಯಾವುದನ್ನು ನಂಬುವುದು? ನಾನು ಮೂಗನ್ನೂ ಪ್ಲಗ್ಗನ್ನೂ ನಂಬಿದೆ. ತಣ್ಣಗಿನ ಇಂಜಿನ್ ಚಾಲು ಮಾಡಿಸಿ, ಸೈಲೆನ್ಸರ್ ಬಾಯಿಗೆ ಬಟ್ಟೆ ಒತ್ತಿ ಹಿಡಿಸಿ, ಹೆಡರ್ ಕೂರುವ ಜಾಗಕ್ಕೆ ಸೋಪಿನ ನೀರು ಹೊಡೆದೆ. ಎರಡನೇ ಪೋರ್ಟಿನ ಕೆಳಗೆ ಗುಳ್ಳೆ ಎದ್ದವು. ಅಲ್ಲಿ ಗ್ಯಾಸ್ಕೆಟ್ ಸೋರುತ್ತಿತ್ತು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಆ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಆ ಗಾಳಿಯನ್ನು ನೋಡಿ ಪೆಟ್ರೋಲ್ ಸಾಲದು ಎನ್ನುತ್ತದೆ. ಹಿಂದೆ ಮ್ಯಾಪ್ ಹಾಕಿದವರು ಅದನ್ನೇ ನಂಬಿ ಐಡ್ಲಿಂಗಿಗೆ ಪೆಟ್ರೋಲ್ ಏರಿಸುತ್ತಲೇ ಹೋಗಿದ್ದರು. ಹೆಡರ್ ಮುಖ ಫೇಸ್ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ, ಅದೇ ಮ್ಯಾಪಿನಲ್ಲಿ ಅದೇ ಸೆನ್ಸರ್ 0.81 ತೋರಿಸಿತು. ಪ್ಲಗ್ ಸುಳ್ಳು ಹೇಳಿರಲಿಲ್ಲ.

ಇನ್ನು ಟೈಮಿಂಗ್. ಈ ಪ್ರಕರಣದ ಗಂಟು ಇಲ್ಲಿಯೇ ಇದ್ದದ್ದು.

ಪಿಸ್ಟನ್ ಮೇಲಿನ ತುದಿ ಮುಟ್ಟುವ ಕೆಲವು ಡಿಗ್ರಿ ಮೊದಲೇ ಪ್ಲಗ್ ಕಿಡಿ ಹಾರಿಸಬೇಕು, ಯಾಕೆಂದರೆ ಬೆಂಕಿ ಹರಡಲು ಸಮಯ ಬೇಕು. ಒತ್ತಡ ತನ್ನ ಗರಿಷ್ಠಕ್ಕೆ ಏರುವುದು ಪಿಸ್ಟನ್ ತುದಿ ದಾಟಿ ಸುಮಾರು 15 ಡಿಗ್ರಿ ಇಳಿದಾಗ ಆದರೆ ಒಳ್ಳೆಯದು. ಕಿಡಿ ತೀರಾ ಬೇಗ ಬಿದ್ದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ತುಂಬುತ್ತದೆ, ಉಳಿದ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಅದೇ ಗೋಲಿ ಸಪ್ಪಳ.

ಪುಲ್ಲಿಯ ಮೇಲಿನ ಗುರುತನ್ನೇ ನಾನು ನಂಬಲಿಲ್ಲ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗೆ ಒಂದು ಬೋಲ್ಟ್ ಬೆಸೆಸಿಟ್ಟುಕೊಂಡಿದ್ದೇನೆ. ಅದನ್ನು ಒಂದನೇ ಸಿಲಿಂಡರಿಗೆ ತಿರುಗಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುವಿದೆ. ಪಿಸ್ಟನ್ ಬೋಲ್ಟಿಗೆ ತಾಗಿ ನಿಂತಿತು, ಪುಲ್ಲಿಯ ಮೇಲೆ ಗೆರೆ ಎಳೆದೆ. ಉಲ್ಟಾ ತಿರುವಿ ಮತ್ತೆ ತಾಗಿಸಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ನಿಜವಾದ ತುದಿ. ವೈಟ್‌ನರ್‌ನಿಂದ ಅಲ್ಲಿ ಗುರುತು ಹಾಕಿದೆ. ಹಳೆಯ ಗುರುತು ಸರಿಯಾಗಿಯೇ ಇತ್ತು. ಆದರೂ ಈ ಅರ್ಧ ಗಂಟೆ ವ್ಯರ್ಥ ಅಲ್ಲ.

ಸಾಫ್ಟ್‌ವೇರಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಕಟ್ಟಿಹಾಕಿದೆ. ಮ್ಯಾಪ್ ಏನೇ ಹೇಳಲಿ, ಕಿಡಿ 10ಕ್ಕೇ ಬೀಳಬೇಕು. ಶೆಡ್ಡಿನ ಬಾಗಿಲು ಮುಂದೆ ಎಳೆದು ಕತ್ತಲು ಮಾಡಿ ಟೈಮಿಂಗ್ ಲೈಟ್ ಹಿಡಿದೆ. ಪ್ರತಿ ಮಿಂಚಿಗೂ ಬಿಳಿ ಗುರುತು ನಿಂತ ಹಾಗೆ ಕಾಣುತ್ತದೆ. ಅದು 10ರ ಮುಂದೆ ನಿಲ್ಲಲಿಲ್ಲ. 18ರಲ್ಲಿ ನಿಂತಿತು.

ಹುಡುಗನನ್ನು ಕರೆದು ತೋರಿಸಿದೆ. ಈ ಪುಲ್ಲಿಯ ಸುತ್ತಳತೆ 440 ಮಿಮೀ. 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 1.2 ಮಿಮೀ ಚಿಲ್ಲರೆ. 8 ಡಿಗ್ರಿ ಅಂದರೆ ಹತ್ತು ಮಿಲಿಮೀಟರ್, ಕಿರುಬೆರಳಿನ ಉಗುರಿನಷ್ಟು ಅಗಲ. ಚಕ್ರದ ಖಾಲಿ ಹಲ್ಲು ಎಲ್ಲಿದೆ ಎಂದು ಇಸಿಯುಗೆ ಹೇಳುವ ಒಂದು ಅಂಕಿ ಇರುತ್ತದೆ. ಅದನ್ನು ಅಳೆಯದೆ ಬೇರೆ ಗಾಡಿಯದನ್ನೇ ಹಾಕಿದ್ದರು. ಅಲ್ಲಿಂದ ಮುಂದೆ ಮ್ಯಾಪಿನ ಪ್ರತಿ ಮನೆಯಲ್ಲೂ 8 ಡಿಗ್ರಿ ಜಾಸ್ತಿ. ಪರದೆ ಮೇಲೆ 24 ಅಂದರೆ ಒಳಗೆ 32.

ಅಂಕಿ ತಿದ್ದಿದೆ, ಗುರುತು 10ಕ್ಕೆ ಬಂತು. ಆಮೇಲೆ 4000 ಆರ್‌ಪಿಎಂಗೆ ಏರಿಸಿ ಮತ್ತೆ ನೋಡಿದೆ. ಕ್ರ್ಯಾಂಕ್ ಸೆನ್ಸರಿನ ಎರಡು ವೈರು ಅದಲು ಬದಲಾಗಿದ್ದರೆ ಆರ್‌ಪಿಎಂ ಏರಿದ ಹಾಗೆ ಗುರುತು ಜಾರುತ್ತದೆ. ಇಲ್ಲಿ ಜಾರಲಿಲ್ಲ. ಮನೆಯಲ್ಲಿ ಇದನ್ನು ಮಾಡುವವರಿಗೆ ಒಂದು ಸೂಚನೆ: ಒಂದು ಕಾಯಿಲ್‌ನಿಂದ ಎರಡು ಪ್ಲಗ್ ಓಡುವ ಇಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಕಿಡಿ ಬರುತ್ತದೆ. ಡಯಲ್ ಇರುವ ಲೈಟುಗಳು ಅಲ್ಲಿ ಎರಡು ಪಟ್ಟು ಲೆಕ್ಕ ಹಾಕಿ ದಾರಿ ತಪ್ಪಿಸುತ್ತವೆ. ಡಯಲ್ಲನ್ನು ಸೊನ್ನೆಗೆ ಇಟ್ಟು ಪುಲ್ಲಿಯ ಗುರುತನ್ನೇ ಓದಿ.

ಈಗ ಹುಡುಗನ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾಕಿಂಗ್ ಕೇಳಿಸಿದಾಗ ಹಿಂದಿನವರು ಪೆಟ್ರೋಲ್ ಏರಿಸಿದ್ದರು. ಫುಲ್ ಲೋಡಿನಲ್ಲಿ ಲ್ಯಾಂಬ್ಡಾ 0.76ರ ತನಕ ಇಳಿದಿತ್ತು. ಜಾಸ್ತಿ ಪೆಟ್ರೋಲ್ ಸಿಲಿಂಡರಿನ ಬಿಸಿ ಇಳಿಸುತ್ತದೆ, ಸಪ್ಪಳ ಸ್ವಲ್ಪ ತಗ್ಗುತ್ತದೆ. ರೋಗ ಟೈಮಿಂಗಿನಲ್ಲಿ, ಔಷಧ ಪೆಟ್ರೋಲಿನಲ್ಲಿ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ಮೂಸಿದರೂ ಪೆಟ್ರೋಲ್ ವಾಸನೆ. ಮೈಲೇಜ್ 8 ಯಾಕೆ ಎಂದು ಬೇರೆ ಹೇಳಬೇಕಿಲ್ಲ.

ಹೊಸ ಮ್ಯಾಪ್

ಹಳೆಯ ಮ್ಯಾಪನ್ನು ಒಂದು ಕಡೆ ಉಳಿಸಿಟ್ಟು ಖಾಲಿಯಿಂದ ಶುರು ಮಾಡಿದೆ. ಮೊದಲು ಇಂಜೆಕ್ಟರ್. ಕರೆಂಟ್ ಕೊಟ್ಟ ತಕ್ಷಣ ಇಂಜೆಕ್ಟರ್ ತೆರೆಯುವುದಿಲ್ಲ, 14 ವೋಲ್ಟಿನಲ್ಲಿ ಸುಮಾರು ಒಂದು ಮಿಲಿಸೆಕೆಂಡ್ ತಡ ಮಾಡುತ್ತದೆ. ವೋಲ್ಟ್ ಇಳಿದರೆ ತಡ ಜಾಸ್ತಿ. ಹೆಡ್‌ಲೈಟ್, ಫ್ಯಾನ್ ಎರಡೂ ಬಿದ್ದಾಗ ಈ ಗಾಡಿಯಲ್ಲಿ 12.6ಕ್ಕೆ ಇಳಿಯುತ್ತಿತ್ತು. ಐಡ್ಲಿಂಗಿನಲ್ಲಿ ಇಂಜೆಕ್ಟರ್ ತೆರೆದಿರುವುದೇ ಎರಡೂವರೆ ಮಿಲಿಸೆಕೆಂಡ್. ಅದರಲ್ಲಿ ಕಾಲು ಮಿಲಿಸೆಕೆಂಡ್ ಹೋದರೂ ಇಂಜಿನ್ನಿಗೆ ಉಪವಾಸ. ವೋಲ್ಟಿಗೆ ತಕ್ಕ ತಿದ್ದುಪಡಿ ಪಟ್ಟಿ ತುಂಬಿದೆ, ರಾತ್ರಿ ಆಫ್ ಆಗುವ ಕಾಟ ಅಲ್ಲಿಗೆ ಮುಗಿಯಿತು. ಪೆಟ್ರೋಲ್ ಪಂಪಿನ ಒತ್ತಡ ಫುಲ್ ಲೋಡಿನಲ್ಲೂ ಬೀಳುತ್ತಿರಲಿಲ್ಲ. ಒಂದು ತಲೆನೋವು ಕಡಿಮೆ.

ಪೆಟ್ರೋಲಿನ ಪಟ್ಟಿ 16 ಸಾಲು, 16 ಕಂಬ, ಒಟ್ಟು 256 ಮನೆ. ದಿನದ ಓಡಾಟದಲ್ಲಿ ಇಂಜಿನ್ ಹೋಗಿಬರುವುದು ಅದರ ಕಾಲು ಭಾಗಕ್ಕೆ ಮಾತ್ರ. ಐಡ್ಲಿಂಗ್ ಈಗ 48 ಕಿಲೋಪಾಸ್ಕಲ್ ಹತ್ತಿರ ಇರುವುದರಿಂದ 40ರಿಂದ 60ರ ನಡುವೆ ಸಾಲುಗಳನ್ನು ಒತ್ತೊತ್ತಾಗಿ ಇಟ್ಟೆ. ಹುಡುಗ ಓಡಿಸುವುದು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲೆ. ಉಣಕಲ್ ಕೆರೆ, ನವನಗರ ದಾಟಿ ಧಾರವಾಡದ ತನಕ ಹೋಗಿ ಬರುವುದು. ಮಾಮೂಲಿ ಓಟಕ್ಕೆ ಲ್ಯಾಂಬ್ಡಾ 1, ಫುಲ್ ಲೋಡಿಗೆ 0.87. ಮೂರು ದಿನದಲ್ಲಿ ಪಟ್ಟಿ ಒಂದು ಹದಕ್ಕೆ ಬಂತು.

ಐಡ್ಲಿಂಗ್ ಓಡಾಟ ಪೆಟ್ರೋಲಿನಿಂದಷ್ಟೇ ನಿಲ್ಲಲಿಲ್ಲ. ಟೈಮಿಂಗ್ ಪಟ್ಟಿಯಲ್ಲಿ 900 ಆರ್‌ಪಿಎಂಗೆ 12 ಡಿಗ್ರಿ ಇಟ್ಟು, 700ಕ್ಕೆ 16 ಕೊಟ್ಟೆ. ಸ್ಪೀಡ್ ಬಿದ್ದ ಕೂಡಲೇ ಕಿಡಿ ಮುಂದಕ್ಕೆ ಹೋಗಿ ಇಂಜಿನ್ನನ್ನು ಮೇಲೆತ್ತುತ್ತದೆ, ಏರಿದರೆ ತಾನೇ ತಗ್ಗುತ್ತದೆ. ತೂಗುವ ತೊಟ್ಟಿಲನ್ನು ಕೈ ಹಿಡಿದು ನಿಲ್ಲಿಸಿದ ಹಾಗೆ. ಟೆಂಪರೇಚರ್ ಸೆನ್ಸರನ್ನು ಮ್ಯಾನಿಫೋಲ್ಡಿನಿಂದ ತೆಗೆದು ಏರ್ ಫಿಲ್ಟರ್ ಪೈಪಿಗೆ ಹಾಕಿದೆ. ಮೊದಲಿನ ಜಾಗದಲ್ಲಿ ಅದು ಕಬ್ಬಿಣದ ಬಿಸಿಯನ್ನು ಗಾಳಿಯ ಬಿಸಿ ಎಂದು ಹೇಳುತ್ತಿತ್ತು. ಗಿರ್ಮಿಟ್ ತಿನ್ನಲು ಹತ್ತು ನಿಮಿಷ ನಿಲ್ಲಿಸಿದರೆ ಹೊರಡುವಾಗ ಜಗ್ಗುತ್ತಿದ್ದದ್ದು ಅದರಿಂದಲೇ.

ಫುಲ್ ಲೋಡಿನ ಟೈಮಿಂಗ್ ಮಾತ್ರ ರಸ್ತೆಯಲ್ಲಿ ಮಾಡಲಿಲ್ಲ. ತಾರಿಹಾಳದಲ್ಲಿ ಪರಿಚಯದವರ ಕಾರ್ಖಾನೆಯ ಒಳಗೆ ಉದ್ದದ ಕಾಂಕ್ರೀಟ್ ದಾರಿ ಇದೆ. ಭಾನುವಾರ ಗೇಟ್ ಹಾಕಿಸಿಕೊಂಡು ಎರಡನೇ ಗೇರಿನಲ್ಲಿ ಎಳೆಸಿದೆವು. ನಾಕಿಂಗ್ ಕೇಳಲು ಎಸಿ ರಿಪೇರಿಯವರ ಹತ್ತಿರ ಸಿಗುವ ತಾಮ್ರದ ಟ್ಯೂಬಿನ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ, ತೂತು ಹಾಕಿ, ಬ್ಲಾಕಿಗೆ ಬೋಲ್ಟ್ ಮಾಡಿದ್ದೆ. ಇನ್ನೊಂದು ತುದಿಯಿಂದ ರಬ್ಬರ್ ಪೈಪ್ ನನ್ನ ಕಿವಿಯ ಮಫ್‌ಗೆ. ಈ ಬೋರಿನ ಇಂಜಿನ್ನಿನಲ್ಲಿ ನಾಕಿಂಗ್ ಸದ್ದು 7.7 ಕಿಲೋಹರ್ಟ್ಸ್ ಆಸುಪಾಸು ಇರುತ್ತದೆ. 900ನ್ನು ಪೈಯಿಂದಲೂ ಮಿಲಿಮೀಟರಿನಲ್ಲಿ ಬೋರಿನ ಅರ್ಧದಿಂದಲೂ ಭಾಗಿಸಿದರೆ ಬರುವ ಅಂಕಿ. ಕಿವಿಗೆ ಅದು ಗಾಜಿನ ಮೇಲೆ ಉಗುರು ಬಡಿದ ಹಾಗೆ, ಚೂಪು.

3000 ಆರ್‌ಪಿಎಂನಲ್ಲಿ 16 ಡಿಗ್ರಿಯಿಂದ ಶುರು. ಎರಡೆರಡು ಡಿಗ್ರಿ ಏರಿಸುತ್ತಾ ಲಾಗ್‌ನಲ್ಲಿ ಎಳೆತದ ಸಮಯ ನೋಡುವುದು. 18ರಲ್ಲಿ ಚುರುಕಾಯಿತು, 20ರಲ್ಲಿ ಇನ್ನೂ ಸ್ವಲ್ಪ. 22ರಲ್ಲಿ ಸಮಯ ಅಷ್ಟೇ ಉಳಿಯಿತು. 24ರಲ್ಲಿ ಒಂದೇ ಒಂದು ಸಲ "ಟಿಕ್". ಕೂಡಲೇ ಕಾಲು ತೆಗೆಸಿದೆ. 20 ಬರೆದೆ.

ಬೆಳಗಿನ ಸ್ಟಾರ್ಟ್ ಬಗ್ಗೆ ಹೇಳಲೇಬೇಕು. ಯಾರಿಗೂ ಇಷ್ಟವಿಲ್ಲದ ಕೆಲಸ ಇದು. ತಣ್ಣಗಿನ ಇಂಜಿನ್ ದಿನಕ್ಕೆ ಒಂದೇ ಸಲ ಸಿಗುತ್ತದೆ. ಒಂದು ಅಂಕಿ ಬದಲಾಯಿಸಿ ಸ್ಟಾರ್ಟ್ ಮಾಡಿದರೆ ಅವತ್ತಿನ ಅವಕಾಶ ಮುಗಿಯಿತು, ಮುಂದಿನದು ನಾಳೆ. ಗಾಡಿಯನ್ನು ನಮ್ಮಲ್ಲೇ ಬಿಡಿ ಎಂದೆ. ಒಂಬತ್ತು ದಿನ, ಬೆಳಿಗ್ಗೆ ಆರೂವರೆಗೆ, 15-16 ಡಿಗ್ರಿ ಚಳಿಯಲ್ಲಿ ಶೆಡ್ಡಿನ ಬಾಗಿಲು ತೆಗೆದು ಮೊದಲು ಇದರದೇ ಕೆಲಸ. ಐದನೇ ದಿನ ಎರಡನೇ ಸಲಕ್ಕೆ ಹಿಡಿಯಿತು. ಎಂಟನೇ ದಿನ ಒಂದೇ ಸಲಕ್ಕೆ. ಒಂಬತ್ತನೇ ದಿನ ಅದು ಅದೃಷ್ಟ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಏನೂ ಬದಲಾಯಿಸದೆ ಹಾಗೇ ಸ್ಟಾರ್ಟ್ ಮಾಡಿದೆ.

ಅಂಕೋಲಾ

ಇಷ್ಟಾದರೂ ಕೆಲಸ ಮುಗಿದಿರಲಿಲ್ಲ. ಹುಬ್ಬಳ್ಳಿಯಲ್ಲಿ ಎಕ್ಸಲರೇಟರ್ ಪೂರ್ತಿ ಒತ್ತಿದರೂ ಒತ್ತಡ 94 ದಾಟುವುದಿಲ್ಲ. 100ರ ಸಾಲನ್ನು ಇಲ್ಲಿ ಕೂತು ಪರೀಕ್ಷೆ ಮಾಡಲು ಆಗುವುದೇ ಇಲ್ಲ. ಆದರೆ ಈ ಗಾಡಿ ತಿಂಗಳಿಗೊಮ್ಮೆ ಕರಾವಳಿಗೆ ಹೋಗುತ್ತದೆ. ಕೆಳಗೆ ಗಾಳಿ ದಟ್ಟ, ಸಿಲಿಂಡರ್ ಜಾಸ್ತಿ ತುಂಬುತ್ತದೆ, ಅಷ್ಟರ ಮಟ್ಟಿಗೆ ನಾಕಿಂಗ್ ಹತ್ತಿರ. ಊರಲ್ಲಿ ಸುಮ್ಮನಿದ್ದ ಗಾಡಿ ಅರಬೈಲಿನಲ್ಲಿ ಗೋಲಿ ಅಲುಗಾಡಿಸಿದ್ದು ಇದಕ್ಕೇ. 100ರ ಸಾಲಿನಲ್ಲಿ ಎಲ್ಲ ಮನೆಗೂ ಎರಡು ಡಿಗ್ರಿ ಕಡಿಮೆ ಬರೆದು, ಒಂದು ಬುಧವಾರ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿದೆವು.

ಅಂಕೋಲಾದಲ್ಲಿ ಕೀ ಆನ್ ಮಾಡಿದಾಗ ಪರದೆಯ ಮೇಲೆ 101. ಅದೇ ಅಂಕಿ, ಈ ಸಲ ನಿಜ.

ಊಟ ಮಾಡಿ ಮಧ್ಯಾಹ್ನದ ಬಿಸಿಲಿನಲ್ಲೇ ಘಾಟಿ ಹತ್ತಿದೆವು. ಘಾಟಿಯ ಗುಣ ಅಂದರೆ 50 ಕಿಲೋಮೀಟರ್ ವೇಗದಲ್ಲೂ ಫುಲ್ ಲೋಡ್ ಸಿಗುತ್ತದೆ, ಜೋರಾಗಿ ಓಡಿಸಬೇಕಿಲ್ಲ. ಮುಂದೆ ಲಾರಿ, ಮೂರನೇ ಗೇರು, 2500 ಆರ್‌ಪಿಎಂ, ಕಾಲು ಪೂರ್ತಿ ಕೆಳಗೆ. ನಾಕಿಂಗಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮಫ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ವಾಲ್ವಿನ ಸದ್ದು, ಚೈನಿನ ಹಾಗೆ ಒಂದೇ ಸಮನೆ. ಒಂದು ತಿರುವಿನಲ್ಲಿ ಎದೆ ಝಲ್ಲೆಂದಿತು. ಅದು ಕೆಳಗೆ ಕಲ್ಲು ಹಾರಿ ಬಡಿದದ್ದು.

ಯಲ್ಲಾಪುರದಲ್ಲಿ ನಿಲ್ಲಿಸಿ, ಇಂಜಿನ್ ಆರಲು ಬಿಟ್ಟು, ಮೂರನೇ ಪ್ಲಗ್ ಬಿಚ್ಚಿದೆವು. ಭೂತಗನ್ನಡಿ ಈ ಸಲ ಹುಡುಗನ ಕೈಯಲ್ಲಿತ್ತು. ಪಿಂಗಾಣಿ ತಿಳಿ ಬಿಸ್ಕತ್ತಿನ ಬಣ್ಣ. ಚುಕ್ಕೆ ಇಲ್ಲ. ಅವನು ತಿರುಗಿಸಿ ತಿರುಗಿಸಿ ನೋಡಿದ, ನನಗೆ ಕೊಟ್ಟ, ಮತ್ತೆ ಇಸಿದುಕೊಂಡು ನೋಡಿದ.

"ಅಣ್ಣಾರ, ಇನ್ನೆರಡು ಡಿಗ್ರಿ ಕೊಡಬಹುದೇನ್ರಿ?"

"ಈಗ ಜನವರಿ ಐತಿ ತಮ್ಮಾ. ಮೇ ತಿಂಗಳ ಬಿಸಿಲಾಗ ಇದೇ ಘಾಟಿ ಹತ್ತಬೇಕಲ್ಲ? ಆ ಎರಡು ಡಿಗ್ರಿ ಆವಾಗಿಗೆ ಇಟ್ಟೇನಿ."

ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಹುಬ್ಬಳ್ಳಿಗೆ ಬಂದ ಮೇಲೆ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆವು. 13.5 ಬಂತು. ಎಸಿ ಹಾಕಿಕೊಂಡು 1800 ಆರ್‌ಪಿಎಂನಲ್ಲಿ ನಿಧಾನಕ್ಕೆ ಹೋಗುವಾಗ ಸಣ್ಣ ಜಗ್ಗು ಇನ್ನೂ ಉಳಿದಿದೆ. ಸಾವಿರ ಕಿಲೋಮೀಟರ್ ಓಡಿಸಿ, ಹೊಸ ರಿಂಗ್ ಕೂತ ಮೇಲೆ ಬರಲು ಹೇಳಿದ್ದೇನೆ, ಅವತ್ತು ಅದನ್ನು ನೋಡುತ್ತೇನೆ. ಮ್ಯಾಪಿನ ಫೈಲಿಗೆ ಪಾಸ್‌ವರ್ಡ್ ಹಾಕಲಿಲ್ಲ. ತಾರೀಖು ಬರೆದು, ಹಳೆಯ ಫೈಲಿನ ಜೊತೆ, ಅವರ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಪುಲ್ಲಿಯ ಮೇಲೆ ವೈಟ್‌ನರ್ ಗುರುತು ಹಾಗೇ ಇದೆ, ಒರೆಸಬೇಡ ಎಂದಿದ್ದೇನೆ.